ನೋಡದೆ ಇಟ್ಟ ಹೆಸರು

ನನ್ನ ಕಾಯಿಲೆಯ ಹೆಸರು ಹೇಳುವುದಕ್ಕೆ ಡಾಕ್ಟರ್ ಆರ್ವಿಡ್ ಲುಂಡೀನ್ ಹನ್ನೊಂದು ವಾರ ತೆಗೆದುಕೊಂಡರು.

ಅದು 1961ರ ಚಳಿಗಾಲ. ಆರು ದಿನ ನಾನು ರೆಪ್ಪೆ ಮುಚ್ಚಿರಲಿಲ್ಲ. ಮೊಣಕಾಲುದ್ದದ ಹಿಮದಲ್ಲಿ ನಮ್ಮೂರು ಡುಬ್ರಾವಾದ ಮನೆಮನೆಗೂ ಹೋಗಿ, ಇಡೀ ನೆಬ್ರಾಸ್ಕಾ ರಾಜ್ಯದ ಮಕ್ಕಳಿಗೆಲ್ಲ ಒಂದೇ ಶಾಲೆ ಕಟ್ಟಿಸುತ್ತಿದ್ದೇನೆ, ಕಿಟಕಿಗೆ ಯಾವ ಬಣ್ಣ ಚೆಂದ ಹೇಳಿ ಅಂತ ಕೇಳಿದ್ದೆ. ಹಳದಿ ಎಂದವರನ್ನು ತಬ್ಬಿಕೊಂಡೆ. ಬಾಗಿಲು ಹಾಕಿಕೊಂಡವರಿಗೆ ಬಾಯಿಗೆ ಬಂದಂತೆ ಬೈದೆ. ಏಳನೆಯ ದಿನ ಮಲಗಿದವಳು ಏಳಲೇ ಇಲ್ಲ. ಬಾಚಣಿಗೆ ಎತ್ತುವುದಕ್ಕೂ ಕೈಯಲ್ಲಿ ಜೀವವಿರಲಿಲ್ಲ. ನನ್ನ ಗಂಡ ಎಮಿಲ್ ನನ್ನನ್ನು ಕಂಬಳಿಯಲ್ಲಿ ಸುತ್ತಿ, ಪಂಪ್ ರಿಪೇರಿಗೆ ಓಡಾಡುವ ತನ್ನ ಟ್ರಕ್ಕಿನಲ್ಲಿ ಕೂರಿಸಿಕೊಂಡು, ನಲವತ್ತು ಮೈಲಿ ಆಚೆಯ ಸರ್ಕಾರಿ ಮಾನಸಿಕ ಆಸ್ಪತ್ರೆಗೆ ಕರೆದುಕೊಂಡು ಹೋದ.

"ನಂಗೇನಾಗಿದೆ ಡಾಕ್ಟ್ರೇ?" ಅಂತ ಮೊದಲ ದಿನವೇ ಕೇಳಿದೆ.

"ಗೊತ್ತಿಲ್ಲ," ಅಂದರು. ಉದ್ದಕ್ಕೆ ಬಡಕಲಾಗಿ, ಕೋಟಿನ ತೋಳು ಗಿಡ್ಡವಾಗಿದ್ದ ಮನುಷ್ಯ.

ಎರಡನೆಯ ವಾರವೂ ಅದೇ ಉತ್ತರ. ರಕ್ತ ತೆಗೆದರು. ಥೈರಾಯ್ಡ್ ನೋಡಿದರು. ಎಮಿಲ್‌ನನ್ನು ಎರಡು ಸಲ, ನಮ್ಮಮ್ಮನನ್ನು ಮೂರು ಸಲ ಕರೆಸಿ ಮಾತಾಡಿದರು. ಬೊಹೀಮಿಯಾದಿಂದ ಹಡಗಿನಲ್ಲಿ ಬಂದ ನಮ್ಮಜ್ಜ ವರ್ಷಕ್ಕೊಮ್ಮೆ ಕೊಟ್ಟಿಗೆ ಸೇರಿಕೊಂಡು ಯಾರ ಜೊತೆಗೂ ಮಾತಾಡುತ್ತಿರಲಿಲ್ಲ ಎಂಬುದು ನನಗೇ ಗೊತ್ತಿರಲಿಲ್ಲ, ಅವರು ಹೊರಗೆ ತೆಗೆದರು. ನಾನು ರೇಗಿ, "ಅದೇನಿದೆಯೋ ಅದನ್ನ ಹೇಳಿಬಿಡಿ ಅತ್ಲಾಗೆ!" ಅಂತ ಕಿರುಚಿದಾಗ ಕುರ್ಚಿ ಹತ್ತಿರಕ್ಕೆ ಎಳೆದುಕೊಂಡರು.

"ಲಿಬ್ಬಿ, ಇದಕ್ಕೆ ನಾನು ಒಂದು ಹೆಸರು ಇಟ್ಟರೆ ಅದು ನಿನ್ನನ್ನ ಸಾಯೋತನಕ ಬಿಡಲ್ಲ. ನಿನ್ನ ಗಂಡ ಆ ಹೆಸರಿನಲ್ಲೇ ನಿನ್ನನ್ನ ನೋಡ್ತಾನೆ, ಊರು ಹಾಗೇ ನೋಡುತ್ತೆ, ನೀನೂ ಹಾಗೇ ನೋಡ್ಕೋತೀಯ. ಅವಸರದಲ್ಲಿ ಇಡೋಕೆ ನಂಗೆ ಹಕ್ಕಿಲ್ಲ."

ಹನ್ನೊಂದನೆಯ ವಾರ ಹೇಳಿದರು: ಉನ್ಮಾದ-ಖಿನ್ನತೆ. ಏರಿ ಇಳಿಯುವ ಕಾಯಿಲೆ. ಮರುವರ್ಷ ಅವರೇ ಶಾಲಾ ಮಂಡಳಿಗೆ ಪತ್ರ ಬರೆದು, ಇವಳು ಪಾಠ ಮಾಡಲು ಸಮರ್ಥಳು ಅಂತ ಸಹಿ ಹಾಕಿಕೊಟ್ಟರು. ನಾನು ಮತ್ತೆ ಎರಡನೇ ತರಗತಿಯ ಟೀಚರ್ ಆದೆ. ಮುಂದಿನ ನಾಲ್ಕು ವರ್ಷ ತಿಂಗಳಿಗೊಮ್ಮೆ ಗಸಗಸೆ ತುಂಬಿದ ಕೊಲಾಚಿ ಎಂಬ ಸಿಹಿ ಬನ್ನು ಕಟ್ಟಿಕೊಂಡು ಅವರ ಬಳಿ ಹೋಗಿ ಬರುತ್ತಿದ್ದೆ. ಈ ಲೋಕದಲ್ಲಿ ಎಮಿಲ್‌ನನ್ನು ಬಿಟ್ಟರೆ ನಾನು ನಂಬಿದ್ದ ಗಂಡಸು ಅವರೊಬ್ಬರೇ. ಅದಕ್ಕೇ ಆಮೇಲೆ ಅವರ ಮೇಲೆ ಬಂದ ಸಿಟ್ಟು ಇನ್ನೂ ನನ್ನಲ್ಲಿದೆ.

1966ರಲ್ಲಿ ರಾಸ್ಕೋ ಮೇನರ್ಡ್ ರಾಜ್ಯ ಆಳುವ ಗವರ್ನರ್ ಹುದ್ದೆಗೆ ನಿಂತ. ದನದ ಹರಾಜು ಕೂಗಿ ಹೆಸರು ಮಾಡಿದವನು. ವೇದಿಕೆ ಮೇಲೆ ಅಳುತ್ತಿದ್ದ, ಮರುಗಳಿಗೆ ಮೇಜು ಗುದ್ದುತ್ತಿದ್ದ, ಎರಡು ಗಂಟೆ ನೀರು ಕುಡಿಯದೆ ಮಾತಾಡುತ್ತಿದ್ದ. ಗೆದ್ದರೆ ಮೂರು ಮಾನಸಿಕ ಆಸ್ಪತ್ರೆಗಳಲ್ಲಿ ಎರಡನ್ನು ಮುಚ್ಚುತ್ತೇನೆ, ಅಲ್ಲಿ ಸೋಮಾರಿಗಳು ಬಿದ್ದುಕೊಂಡಿದ್ದಾರೆ ಅಂದಿದ್ದ. ನನಗೆ ಅವನನ್ನು ಕಂಡರೆ ಮೈ ಉರಿಯುತ್ತಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಆಮೇಲೆ ಊರಿನವರು ನನ್ನನ್ನು ಮೇನರ್ಡ್ ಕಡೆಯವಳು ಎಂದರು.

ಅಕ್ಟೋಬರ್ ಎರಡನೆಯ ವಾರ ಎಮಿಲ್ ಕ್ಷೌರದ ಅಂಗಡಿಯಿಂದ ಒಂದು ವಾರಪತ್ರಿಕೆ ತಂದು ಅಡುಗೆಮನೆ ಮೇಜಿನ ಮೇಲಿಟ್ಟ. ಮುಖಪುಟದಲ್ಲಿ ಮೇನರ್ಡ್ ಬಾಯಿ ತೆರೆದ ಚಿತ್ರ, ಕೆಳಗೆ 'ಹುಚ್ಚನ ಕೈಗೆ ರಾಜ್ಯವೇ?' ಎಂಬ ಅಕ್ಷರ. ಪತ್ರಿಕೆಯವರು ಸುತ್ತಲ ಐದು ರಾಜ್ಯಗಳ ಮನೋವೈದ್ಯರಿಗೆಲ್ಲ ಒಂದು ಪ್ರಶ್ನೆ ಕಳಿಸಿದ್ದರು: ರಾಸ್ಕೋ ಮೇನರ್ಡ್ ಅಧಿಕಾರ ನಡೆಸಲು ಮಾನಸಿಕವಾಗಿ ಯೋಗ್ಯನೇ? ಇನ್ನೂರಕ್ಕೂ ಹೆಚ್ಚು ಡಾಕ್ಟರುಗಳು ಉತ್ತರಿಸಿದ್ದರು. ಒಬ್ಬರು ಅವನಿಗೆ ಸಂಶಯದ ರೋಗ ಅಂದಿದ್ದರು. ಇನ್ನೊಬ್ಬರು ಅವನ ತಾಯಿ ಹಾಲು ಬೇಗ ಬಿಡಿಸಿರಬೇಕು ಅಂದಿದ್ದರು.

"ಇವನ ತಾಯಿ ಹಾಲು ಬಿಡಿಸಿದ್ದು ಇವರಿಗೆ ಹೆಂಗೆ ಗೊತ್ತು? ತೊಟ್ಟಿಲ ಪಕ್ಕ ನಿಂತಿದ್ರಾ?" ಅಂತ ನಾನು ನಕ್ಕೆ.

ಎಮಿಲ್ ನಗಲಿಲ್ಲ. "ಮುಂದಿನ ಪುಟ ನೋಡು."

ಮುಂದಿನ ಪುಟದ ನಡುವೆ, ಚೌಕಟ್ಟು ಹಾಕಿ, ಡಾ. ಆರ್ವಿಡ್ ಲುಂಡೀನ್ ಎಂದಿತ್ತು. ಕೆಳಗೆ: 'ಇದು ಉನ್ಮಾದ-ಖಿನ್ನತೆಯ ಅಪ್ಪಟ ಮಾದರಿ. ಇಂಥವರು ನೋಡಲು ಚುರುಕಾಗಿ ಕಾಣುತ್ತಾರೆ. ಆದರೆ ಬೇರೆಯವರ ಬದುಕಿನ ಹೊಣೆ ಇಂಥವರಿಗೆ ಒಪ್ಪಿಸಬಾರದು.'

ಮೂರು ಸಲ ಓದಿದೆ. ಒಲೆಯ ಮೇಲಿನ ಕಾಫಿ ಉಕ್ಕಿ ಸುರಿಯಿತು, ನಾವಿಬ್ಬರೂ ಏಳಲಿಲ್ಲ.

ಬೇರೆಯವರ ಬದುಕಿನ ಹೊಣೆ. ನನ್ನ ತರಗತಿಯಲ್ಲಿ ಇಪ್ಪತ್ತಾರು ಮಕ್ಕಳಿದ್ದರು.

ಸೋಮವಾರ ಒಬ್ಬ ತಾಯಿ ಮಗಳ ಕೈ ಹಿಡಿದು ಬಾಗಿಲಲ್ಲೇ ನಿಂತಳು, ಒಳಗೆ ಬಿಡಲಿಲ್ಲ. ಮಂಗಳವಾರ ನಾಲ್ಕು ಬೆಂಚು ಖಾಲಿ. ಬುಧವಾರ ಶಾಲಾ ಮಂಡಳಿಯ ಅಧ್ಯಕ್ಷ ಓರಿನ್ ಕ್ಲೇಬರ್ ತನ್ನ ಹಾರ್ಡ್‌ವೇರ್ ಅಂಗಡಿಯ ಹಿಂದಿನ ಕೋಣೆಗೆ ಕರೆಸಿದ. ನಾವಿಬ್ಬರೂ ಒಂದೇ ಶಾಲೆಯಲ್ಲಿ ಓದಿದವರು. ಮೇಜಿನ ಮೇಲೆ ಎರಡು ಕಾಗದ: ಎಡಕ್ಕೆ 1962ರಲ್ಲಿ ಡಾಕ್ಟರ್ ಬರೆದುಕೊಟ್ಟ ಪತ್ರ, ಬಲಕ್ಕೆ ಪತ್ರಿಕೆಯ ಆ ಪುಟ.

"ಲಿಬ್ಬಿ, ನಂದೇನೂ ಇಲ್ಲ. ನಿನ್ನ ಡಾಕ್ಟ್ರೇ ಅಲ್ವಾ ಬರೆದಿರೋದು?"

"ಅದು ಮೇನರ್ಡ್ ಬಗ್ಗೆ, ಓರಿನ್."

"ಕಾಯಿಲೆ ಅದೇ ತಾನೇ? ಹೆಸರು ಅದೇ, ಡಾಕ್ಟ್ರೂ ಅದೇ. ಆಗ ಒಳ್ಳೆ ಮಾತು ಬರೆದ್ರು, ನಿನ್ನ ಮೇಲೆ ಕನಿಕರ ಇತ್ತು ಅಂತ ಇಟ್ಕೋ. ಈಗ ನಿಜ ಬರೆದಿದ್ದಾರೆ. ನಾನು ಅಪ್ಪ-ಅಮ್ಮಂದಿರಿಗೆ ಏನು ಹೇಳ್ಲಿ?"

"ನಾಲ್ಕು ವರ್ಷದಲ್ಲಿ ನಾನು ಒಂದು ಮಗುವಿಗಾದ್ರೂ ಏನಾದ್ರೂ ಮಾಡಿದೀನಾ?"

"ಮಾಡಿಲ್ಲ. ಮಾಡೋತನಕ ಕಾಯ್ಬೇಕು ಅಂತೀಯಾ?"

ತಿಂಗಳ ಕೊನೆಯ ಸಭೆಯವರೆಗೆ ತರಗತಿಗೆ ಹೋಗಬೇಡ ಅಂದ. ಹೊರಗೆ ಬರುವಾಗ ಅವನ ಅಂಗಡಿಯ ಮೊಳೆಗಳ ಡಬ್ಬಿಯೊಂದನ್ನು ಬೇಕೆಂದೇ ಮೊಣಕೈಯಿಂದ ತಳ್ಳಿ ಬೀಳಿಸಿದೆ. ಅದು ಕಾಯಿಲೆಯಲ್ಲ, ಸಿಟ್ಟು. ಆದರೆ ಊರಿನಲ್ಲಿ ಅವತ್ತು ಸಂಜೆಯೊಳಗೆ ಲಿಬ್ಬಿ ಹ್ರಡೆಕ್‌ಗೆ ಮತ್ತೆ ಏರಿದೆ ಎಂಬ ಸುದ್ದಿ ಹಬ್ಬಿತು. ಇದನ್ನು ಅನುಭವಿಸಿದವರೇ ಬಲ್ಲರು: ಒಮ್ಮೆ ಆ ಹೆಸರು ಅಂಟಿದ ಮೇಲೆ ನಮಗೆ ಸಿಟ್ಟು ಮಾಡಿಕೊಳ್ಳುವ ಹಕ್ಕೂ ಉಳಿಯುವುದಿಲ್ಲ.

ಮರುದಿನ ಬೆಳಿಗ್ಗೆ ಆಸ್ಪತ್ರೆಗೆ ಹೋದೆ. ಈ ಸಲ ಕೊಲಾಚಿ ಒಯ್ಯಲಿಲ್ಲ. ಡಾಕ್ಟರ್ ನನ್ನ ಕೈಯಲ್ಲಿದ್ದ ಪತ್ರಿಕೆ ನೋಡಿ ಕನ್ನಡಕ ತೆಗೆದರು.

"ಲಿಬ್ಬಿ, ಇದಕ್ಕೂ ನಿನಗೂ ಸಂಬಂಧ ಇಲ್ಲ."

"ನನ್ನ ಕ್ಲಾಸಿಗೆ ಹೋಗ್ಬೇಡ ಅಂದಿದ್ದಾರೆ. ಈಗ ಸಂಬಂಧ ಇದೆಯಾ?"

ಅವರು ಒಂದು ಕಾಗದ ಎಳೆದುಕೊಂಡರು. "ಮಂಡಳಿಗೆ ಇವತ್ತೇ ಪತ್ರ ಬರೀತೀನಿ. ನಿನ್ನ ವಿಷಯವೇ ಬೇರೆ ಅಂತ."

"ಬೇರೆ ಹೆಂಗೆ? ನಂದೂ ಅದೇ ಕಾಯಿಲೆ. ಅವನದೂ ಅದೇ ಅಂತ ನೀವೇ ಬರೆದಿದ್ದೀರಿ. ಮೇನರ್ಡ್‌ನ ಯಾವತ್ತು ನೋಡಿದ್ರಿ ಡಾಕ್ಟ್ರೇ?"

"ಟೀವಿಯಲ್ಲಿ... ತುಂಬಾ ಸಲ."

"ರಕ್ತ ತೆಗೆದ್ರಾ ಟೀವಿಯಿಂದ? ಥೈರಾಯ್ಡ್ ನೋಡಿದ್ರಾ? ಅವನ ಹೆಂಡ್ತಿನ ಕರೆಸಿದ್ರಾ? ಅವನ ಅಜ್ಜ ಕೊಟ್ಟಿಗೇಲಿ ಕೂತಿದ್ನಾ ಇಲ್ವಾ ಕೇಳಿದ್ರಾ?"

"ಲಿಬ್ಬಿ—"

"ನಂಗೆ ಹನ್ನೊಂದು ವಾರ ಗೊತ್ತಿಲ್ಲ, ಗೊತ್ತಿಲ್ಲ ಅಂದ್ರಿ. ಅವನಿಗೆ ಎಷ್ಟು ಹೊತ್ತು ತಗೊಂಡ್ರಿ?"

ನಾನು ಬಿಡಲಿಲ್ಲ. ಕೊನೆಗೆ ಹೇಳಿದರು: ಇಬ್ಬರು ರೋಗಿಗಳ ನಡುವೆ, ಮಧ್ಯಾಹ್ನದ ಸ್ಯಾಂಡ್‌ವಿಚ್ ತಿನ್ನುತ್ತಾ ಪತ್ರಿಕೆಯ ಫಾರಂ ತುಂಬಿದ್ದು.

ಆಮೇಲೆ ಅವರಿಗೂ ಸಿಟ್ಟು ಬಂತು. ಮೇಜಿನ ಮೇಲೆ ಅಂಗೈ ಊರಿ ಎದ್ದು ನಿಂತರು. "ಆ ಮನುಷ್ಯ ಗೆದ್ರೆ ಈ ಕಟ್ಟಡಕ್ಕೆ ಬೀಗ ಬೀಳುತ್ತೆ. ಇಲ್ಲಿ ಒಂಬೈನೂರು ಜನ ಇದ್ದಾರೆ. ಎಲ್ಲಿಗೆ ಹೋಗ್ತಾರೆ? ನಿಂಗೇ ಮತ್ತೆ ಹುಷಾರು ತಪ್ಪಿದ್ರೆ ಎಲ್ಲಿಗೆ ಹೋಗ್ತೀಯ? ಬಸ್ ಓಡಿಸೋನು ತೂಕಡಿಸ್ತಿರೋದು ಡಾಕ್ಟ್ರಿಗೆ ಕಂಡ್ರೆ ಕೂಗಬಾರದಾ? ಅವನ ಪರೀಕ್ಷೆ ಮಾಡಿಲ್ಲ ಅಂತ ಬಾಯಿ ಮುಚ್ಕೊಂಡು ಕೂರಬೇಕಾ?"

ಅವರು ಸುಳ್ಳು ಹೇಳುತ್ತಿರಲಿಲ್ಲ. ಆ ಒಂಬೈನೂರು ಜನರಲ್ಲಿ ಕೆಲವರನ್ನು ನಾನು ಹೆಸರು ಹಿಡಿದು ಬಲ್ಲೆ.

"ಕೂಗಿ," ಅಂದೆ. "ಆಸ್ಪತ್ರೆ ಮುಚ್ತಾನೆ ಅಂತ ಕೂಗಿ. ಸುಳ್ಳ ಅಂತ ಕೂಗಿ, ಜಂಬದವನು ಅಂತ ಕೂಗಿ. ಅಷ್ಟು ಹೇಳೋಕೆ ಡಾಕ್ಟ್ರು ಯಾಕೆ, ಎಮಿಲ್ ದಿನಾ ಊಟದ ಹೊತ್ತಲ್ಲಿ ಹೇಳ್ತಾನೆ. ನೀವು ಹಾಗೆ ಮಾಡಲಿಲ್ಲ. ಅವನಿಗೆ ಹೊಡೆಯೋಕೆ ಕೈಗೊಂದು ಕಲ್ಲು ಬೇಕಿತ್ತು, ನನ್ನ ಕಾಯಿಲೆ ಎತ್ಕೊಂಡ್ರಿ. ಅದು ಬಿದ್ದದ್ದು ನನಗೆ. ಅವನಿಗೆ ತಾಗಲೂ ಇಲ್ಲ."

ಅವರು ಕೂತರು. ಪತ್ರಿಕೆಗೆ ಈಗಲೇ ಬರೆದು ಆ ಮಾತು ವಾಪಸು ತಗೊಳ್ಳಿ ಅಂದೆ. ಚುನಾವಣೆಗೆ ಮೂರು ವಾರವಿದೆ, ಈಗ ವಾಪಸು ತೆಗೆದುಕೊಂಡರೆ ಅದು ಮೇನರ್ಡ್‌ಗೆ ಉಡುಗೊರೆ ಕೊಟ್ಟಂತೆ, ಆಮೇಲೆ ನೋಡೋಣ ಅಂದರು. ಬಾಗಿಲು ಜೋರಾಗಿ ಹಾಕದೆ ಹೊರಗೆ ಬರಲು ನನಗೆ ಬಹಳ ಕಷ್ಟವಾಯಿತು. ಕಾರಿಡಾರಿನಲ್ಲಿ ನರ್ಸುಗಳಿದ್ದರು, ನೋಡುತ್ತಿದ್ದರು.

ಮುಂದಿನ ಶನಿವಾರ ಮೇನರ್ಡ್ ನಮ್ಮೂರಿಗೇ ಬಂದ. ಹರಾಜಿನ ದೊಡ್ಡ ಕೊಟ್ಟಿಗೆಯಲ್ಲಿ ಭಾಷಣ. ಅವನ ಕಡೆಯವರು ನನ್ನ ಕಥೆ ಹೇಗೋ ತಿಳಿದುಕೊಂಡು ಮನೆಗೆ ಬಂದು ಕರೆದರು. ಎಮಿಲ್ ಬೇಡವೆಂದ. "ಹೋಗಿ ನೋಡ್ತೀನಿ, ನಾನಾದ್ರೂ ಕಣ್ಣಾರೆ ನೋಡ್ದೋಳು ಆಗ್ತೀನಿ," ಅಂದೆ.

ದನ ತೂಗುವ ಯಂತ್ರದ ಪಕ್ಕದ ಕೋಣೆಯಲ್ಲಿ ಮೇನರ್ಡ್ ಒಂದು ಡಬ್ಬದ ಮೇಲೆ ಕೂತು ಬಿಸಿನೀರಿಗೆ ಜೇನು ಹಾಕಿಕೊಂಡು ಕುಡಿಯುತ್ತಿದ್ದ. ಗಂಟಲು ಕಟ್ಟಿತ್ತು. ಟೀವಿಯಲ್ಲಿ ಕಾಣುವುದಕ್ಕಿಂತ ಕುಳ್ಳ. ಒಂದು ಕಾಲು ಒಂದೇ ಸಮನೆ ಕುಣಿಯುತ್ತಿತ್ತು. ನನ್ನ ಕಾಲೂ ಹಾಗೆ ಕುಣಿದ ದಿನಗಳಿದ್ದವು. ಇವನಿಗೂ ಅದೇ ಇರಬಹುದೇ ಎಂದು ನೋಡಿದೆ, ದಿಟ್ಟಿಸಿಯೇ ನೋಡಿದೆ. ನನಗೆ ತಿಳಿಯಲಿಲ್ಲ. ಆ ಕಾಯಿಲೆಯ ಒಳಗೇ ಇದ್ದು ಬಂದವಳು ನಾನು, ಮೂರು ಅಡಿ ದೂರದಲ್ಲಿ ನಿಂತಿದ್ದೆ, ನನಗೇ ತಿಳಿಯಲಿಲ್ಲ.

"ಬನ್ನಿ ಟೀಚರ್," ಅಂದ. "ಪಾಪ, ಆ ಡಾಕ್ಟ್ರುಗಳು ನಿಮಗೂ ಅನ್ಯಾಯ ಮಾಡಿದ್ರಂತೆ. ಇಬ್ರೂ ಒಂದೇ ದೋಣೀಲಿದೀವಿ. ಐದು ನಿಮಿಷ ವೇದಿಕೆಗೆ ಬನ್ನಿ, ಆದದ್ದು ಹೇಳಿ. ಸಾಕು."

"ಹೇಳ್ತೀನಿ. ಆಸ್ಪತ್ರೆ ಮುಚ್ಚಲ್ಲ ಅಂತ ನೀವೂ ಹೇಳ್ತೀರಾ?"

"ಅದು ಬೇರೆ ವಿಷಯ."

"ನಂಗೆ ಅದೇ ವಿಷಯ."

ಅವನು ನಕ್ಕ. "ಮೇಡಂ, ಜನ ನನ್ನನ್ನ ಹುಚ್ಚ ಅಂತಿದ್ದಾರೆ. ನಿಜವಾದ ಹುಚ್ಚರು ಹೇಗಿರ್ತಾರೆ ಅಂತ ನಿಮಗೆ ಗೊತ್ತಲ್ಲ. ಇವನು ಅಂಥವನಲ್ಲ ಅಂತ ನೀವು ಹೇಳಿದ್ರೆ ನಂಬ್ತಾರೆ."

ಕೈಯಲ್ಲಿದ್ದ ಚೀಲವನ್ನು ಅವನ ತಲೆಯ ಮೇಲೆ ಬಡಿಯಬೇಕೆನಿಸಿತು. ಬಡಿಯಲಿಲ್ಲ. "ನಿಮ್ಮನ್ನ ನೋಡದೆ ನಿಮಗೆ ಹೆಸರಿಟ್ಟದ್ದು ತಪ್ಪು," ಅಂದೆ. "ಅದನ್ನ ಎಲ್ಲಿ ಬೇಕಾದ್ರೂ ಹೇಳ್ತೀನಿ, ನಿಮ್ಮ ವೇದಿಕೇಲಿ ಮಾತ್ರ ಹೇಳಲ್ಲ. ಮತ್ತೆ ವೋಟು ನಿಮಗಲ್ಲ."

ಅವನು ಜೇನುನೀರು ಕುಡಿದು ಎದ್ದುಹೋದ. ಅರ್ಧ ಗಂಟೆ ಕಳೆದ ಮೇಲೆ ಕೊಟ್ಟಿಗೆಯಿಂದ ಅವನ ಮಾತು ರಸ್ತೆಯವರೆಗೂ ಕೇಳಿಸಿತು: ನಾನೇನು ಆ ಹುಚ್ಚಾಸ್ಪತ್ರೆಯ ಗಿರಾಕಿಯೇ? ಜನ ಹೋ ಎಂದು ನಕ್ಕರು. ಹಾಗೆ ನಕ್ಕವರಲ್ಲಿ ನನ್ನ ಮಕ್ಕಳ ಅಪ್ಪಂದಿರಿದ್ದರು.

ಮಂಡಳಿಯ ಸಭೆ ಅಕ್ಟೋಬರ್ ಕೊನೆಯ ಮಂಗಳವಾರ, ಸಂಜೆ ಆರಕ್ಕೆ, ಶಾಲೆಯ ಆಟದ ಹಾಲ್‌ನಲ್ಲಿ. ಮಡಚುವ ಕುರ್ಚಿಗಳೆಲ್ಲ ತುಂಬಿ ಜನ ಗೋಡೆಗೆ ಒರಗಿ ನಿಂತಿದ್ದರು. ಕ್ಲೇಬರ್ ಪತ್ರಿಕೆಯ ಸಾಲುಗಳನ್ನು ಗಟ್ಟಿಯಾಗಿ ಓದಿದ. ನಾನು ಮಾತಾಡಲು ಎದ್ದಾಗ ಬರೆದು ತಂದಿದ್ದ ಕಾಗದವನ್ನು ಮಡಚಿ ಜೇಬಿಗಿಟ್ಟೆ.

"ನಂಗೆ ಕಾಯಿಲೆ ಇದೆ. ನಿಮಗೆಲ್ಲ ಗೊತ್ತು, ನಿಮ್ಮ ಬಾಗಿಲಿಗೇ ಬಂದು ತೋರಿಸಿದೀನಿ," ಅಂದೆ. ಯಾರೋ ನಕ್ಕರು, ಆ ನಗೆ ಕೆಟ್ಟದಾಗಿರಲಿಲ್ಲ. "ಮತ್ತೆ ಬರಬಹುದು. ಬಂದ್ರೆ ನಾನೇ ಹೇಳ್ತೀನಿ, ಮನೇಲಿರ್ತೀನಿ. ನಿಮ್ಮ ಮಕ್ಕಳಿಗೆ ಓದು ಬರುತ್ತಾ ಇಲ್ವಾ ಅದನ್ನ ನೋಡಿ. ಪೇಪರ್ ನೋಡ್ಬೇಡಿ, ನನ್ನನ್ನ ನೋಡಿ."

ಆಗ ಹಿಂದಿನ ಬಾಗಿಲ ಬಳಿ ಗಿಡ್ಡ ತೋಳಿನ ಕೋಟು ಕಂಡಿತು. ಡಾಕ್ಟರ್ ಲುಂಡೀನ್ ಟೋಪಿ ಕೈಯಲ್ಲಿ ಹಿಡಿದು ಮುಂದೆ ಬಂದರು. ಅವರು ಬರುತ್ತಾರೆಂದು ನನಗೆ ಯಾರೂ ಹೇಳಿರಲಿಲ್ಲ.

"ಆ ಸಾಲುಗಳನ್ನ ಬರೆದವನು ನಾನು," ಅಂದರು. "ನಾನು ಮೇನರ್ಡ್ ಅವರನ್ನ ಒಂದು ದಿನವೂ ಪರೀಕ್ಷೆ ಮಾಡಿಲ್ಲ. ಅವರಿಗೆ ಏನಿದೆ, ಏನಿಲ್ಲ, ನನಗೆ ಗೊತ್ತಿಲ್ಲ. ಮಿಸೆಸ್ ಹ್ರಡೆಕ್ ಅವರನ್ನ ಐದು ವರ್ಷದಿಂದ ಬಲ್ಲೆ. ಅವರ ಬಗ್ಗೆ ನಾನು ಬರೆದಿದ್ದರಲ್ಲಿ ಒಂದಕ್ಷರವೂ ಬದಲಾಗಿಲ್ಲ."

ಕ್ಲೇಬರ್ ಬಿಡುವವನಲ್ಲ. "ಹಾಗಾದ್ರೆ ಪತ್ರಿಕೇಲಿ ಸುಳ್ಳು ಬರೆದ್ರಾ ಡಾಕ್ಟ್ರೇ?"

"ಗೊತ್ತಿಲ್ಲದ್ದನ್ನ ಗೊತ್ತು ಅಂತ ಬರೆದೆ. ಡಾಕ್ಟ್ರು ಅನ್ನೋ ಹೆಸರು ಸೇರಿಸಿ ಬರೆದೆ. ಸುಳ್ಳಿಗಿಂತ ಅದು ಕೆಟ್ಟದ್ದು, ಯಾಕಂದ್ರೆ ನೀವು ನಂಬಿದ್ರಿ. ಇನ್ನೊಂದು ಮಾತು: ಇಂಥವರಿಗೆ ಹೊಣೆ ಒಪ್ಪಿಸಬಾರದು ಅಂದೆನಲ್ಲ, ಅದು ಯಾರ ಬಗ್ಗೆ ಹೇಳಿದ್ರೂ ತಪ್ಪೇ. ಈ ಕಾಯಿಲೆ ಇರೋ ಎಷ್ಟೋ ಜನ ನಿಮ್ಮ ನಡುವೆ ಕೆಲಸ ಮಾಡ್ತಿದ್ದಾರೆ. ಅವರು ನಿಮಗೆ ಹೇಳಿಲ್ಲ ಅಷ್ಟೇ. ಇನ್ನು ಹೇಳೋದೂ ಇಲ್ಲ, ನನ್ನಂಥವರ ದಯೆಯಿಂದ."

ಹಿಂದಿನ ಸಾಲಿನ ಒಬ್ಬ ವಯಸ್ಸಾದ ಹೆಂಗಸು ಎದ್ದು ಮುಖ ಮರೆಮಾಡಿಕೊಂಡು ಹೊರಗೆ ಹೋದಳು. ಅವಳು ಯಾಕೆ ಹೋದಳೆಂದು ನಾನು ಊಹಿಸಬಲ್ಲೆ, ಊಹಿಸುವುದಿಲ್ಲ.

ಮಂಡಳಿಯವರು ಮತ ಹಾಕಿದರು. ಐವರಲ್ಲಿ ಮೂವರು ನನ್ನನ್ನು ತರಗತಿಯಿಂದ ತೆಗೆದು ಕಚೇರಿಯಲ್ಲಿ ಹಾಜರಿ ಪುಸ್ತಕ ಬರೆಯಲು ಹಾಕೋಣ ಅಂದರು. "ಸಂಬಳ ಅಷ್ಟೇ ಇರುತ್ತೆ ಲಿಬ್ಬಿ," ಅಂದ ಕ್ಲೇಬರ್, ಏನೋ ದೊಡ್ಡ ಉಪಕಾರ ಮಾಡಿದವನ ಹಾಗೆ. ಅಲ್ಲೇ ರಾಜೀನಾಮೆ ಕೊಟ್ಟೆ.

ಹೊರಗೆ ಡಾಕ್ಟರ್ ನನ್ನನ್ನು ತಡೆದು, ಅವತ್ತೇ ಪತ್ರಿಕೆಗೂ ಪತ್ರ ಹಾಕಿದ್ದಾಗಿ ಹೇಳಿದರು. "ಚುನಾವಣೆ ಮುಗಿಯಲಿ ಅಂದಿದ್ರಿ?" ಅಂದೆ.

"ನೀನು ಹೋದ ಮೇಲೆ ನಿದ್ದೆ ಬರಲಿಲ್ಲ. ಕ್ಷಮಿಸು."

"ಇಲ್ಲ," ಅಂದೆ. "ಇವತ್ತು ಆಗಲ್ಲ." ಎಮಿಲ್ ಟ್ರಕ್ ತಂದು ನಿಲ್ಲಿಸಿದ್ದ, ಹತ್ತಿ ಕೂತೆ.

ಮೇನರ್ಡ್ ಸೋತ, ಸ್ವಲ್ಪದರಲ್ಲಿ. ಆಸ್ಪತ್ರೆ ಉಳಿಯಿತು. ಡಾಕ್ಟರುಗಳು ಸಂಭ್ರಮಿಸಿದರಂತೆ. ಲುಂಡೀನ್ ಅವರ ಪತ್ರವನ್ನು ಪತ್ರಿಕೆಯವರು ಚುನಾವಣೆ ಮುಗಿದು ಎರಡು ವಾರಕ್ಕೆ, ಟ್ರಾಕ್ಟರ್ ಜಾಹೀರಾತಿನ ಕೆಳಗೆ, ನಾಲ್ಕೇ ಸಾಲು ಮಾಡಿ ಹಾಕಿದರು. ಅವರ ಜೊತೆಯ ವೈದ್ಯರು ಅವರೊಡನೆ ಊಟಕ್ಕೆ ಕೂರುವುದನ್ನು ಬಿಟ್ಟರು, ಬೆನ್ನಿಗೆ ಚೂರಿ ಹಾಕಿದ ಅಂದರು. ಆ ಇನ್ನೂರು ಚಿಲ್ಲರೆ ಜನರಲ್ಲಿ ಉಳಿದ ಒಬ್ಬರಾದರೂ ಒಂದು ಸಾಲು ವಾಪಸು ತೆಗೆದುಕೊಳ್ಳಲಿಲ್ಲ. ಯಾಕೆ ತೆಗೆದುಕೊಳ್ಳುತ್ತಾರೆ? ಅವರ ಪ್ರಕಾರ ಎಲ್ಲ ಸರಿಹೋಗಿತ್ತು. ನನ್ನಂಥವರು ಎಷ್ಟು ಊರುಗಳಲ್ಲಿ ಎಷ್ಟು ಜನ ಆ ಅಕ್ಟೋಬರಿನಲ್ಲಿ ಕೆಲಸ ಕಳೆದುಕೊಂಡರೋ, ಎಷ್ಟು ಜನ ಔಷಧಿಯ ಸೀಸೆಯನ್ನು ಬಟ್ಟೆಗಳ ಅಡಿಗೆ ತಳ್ಳಿಟ್ಟರೋ, ಅದನ್ನು ಕೇಳುವ ಪ್ರಶ್ನಾವಳಿಯನ್ನು ಯಾವ ಪತ್ರಿಕೆಯೂ ಕಳಿಸಲಿಲ್ಲ.

ಜನವರಿಯಲ್ಲಿ ಹನ್ನೆರಡು ಮೈಲಿ ಉತ್ತರದ ಒಂದು ಹಳ್ಳಿಶಾಲೆಗೆ ಅರ್ಜಿ ಹಾಕಿದೆ. ಒಂದೇ ಕೋಣೆ, ಹದಿನಾಲ್ಕು ಮಕ್ಕಳು. ಆ ಶಾಲೆಯ ಉಸ್ತುವಾರಿ ಹಿಲ್ಡಾ ಪೊಸ್ಪಿಶಿಲ್ ಎಂಬ ಹಂದಿ ಸಾಕುವ ಹೆಂಗಸು. ನಾನೇ ಮೊದಲು ಕಾಯಿಲೆಯ ವಿಷಯ ಹೇಳಿದೆ.

"ಆ ಕಾಯಿಲೆ ಬಗ್ಗೆ ಪೇಪರಲ್ಲಿ ಓದಿದೀನಿ," ಅಂದಳು. "ಅದು ಬಂದಾಗ ಏನಾಗುತ್ತೆ?"

"ಮೊದಲು ನಿದ್ದೆ ಹೋಗುತ್ತೆ. ಆಮೇಲೆ ಮಾತು ಜಾಸ್ತಿ ಆಗುತ್ತೆ."

"ನಿದ್ದೆ ಹೋದ ದಿನಾನೇ ಹೇಳು. ನನ್ನ ತಂಗಿ ಟೀಚರ್ ಕೆಲಸ ಓದಿದಾಳೆ, ಮನೇಲಿ ಸುಮ್ನೆ ಕೂತಿದಾಳೆ, ಅವಳನ್ನ ಕಳಿಸ್ತೀನಿ. ಒಲೆ ಹಚ್ಚೋಕೆ ಬರುತ್ತಾ ನಿಂಗೆ? ಹಿಂದಿನ ಟೀಚರ್‌ಗೆ ಬರ್ತಿರಲಿಲ್ಲ, ಮಕ್ಕಳು ನಡುಗೋರು."

ಡಾಕ್ಟರ್ ಲುಂಡೀನ್ ಬಳಿಗೆ ಮಾರ್ಚಿನವರೆಗೆ ಹೋಗಲಿಲ್ಲ. ಆಮೇಲೆ ಹೋದೆ, ಬೇರೆ ಡಾಕ್ಟರ್ ನಲವತ್ತು ಮೈಲಿಯಲ್ಲಿ ಇರಲಿಲ್ಲ ಎಂಬುದೂ ಒಂದು ಕಾರಣ. ಅವರ ಮೇಲೆ ಮೊದಲಿನ ನಂಬಿಕೆ ಬರಲಿಲ್ಲ. ಆದರೆ ತಪ್ಪನ್ನು ಊರೆದುರು ಒಪ್ಪಿಕೊಂಡ ಡಾಕ್ಟರನ್ನು ನಾನು ಅವರೊಬ್ಬರನ್ನೇ ಕಂಡಿರುವುದು, ಅದನ್ನೂ ಹೇಳಬೇಕು.

1968ರ ಫೆಬ್ರವರಿಯಲ್ಲಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ಬೆಳಿಗ್ಗೆ ಹಿಲ್ಡಾಗೆ ಫೋನು ಮಾಡಿದೆ, ಎಮಿಲ್ ಟ್ರಕ್ ಹೊರಡಿಸಿದ. ಏಳು ವಾರ ಆಸ್ಪತ್ರೆಯಲ್ಲಿದ್ದೆ. ಏಪ್ರಿಲಿನಲ್ಲಿ ಶಾಲೆಗೆ ಮರಳಿದಾಗ ಹಿಲ್ಡಾಳ ತಂಗಿ ಕಪ್ಪು ಹಲಗೆಯ ಮೇಲೆ ಭಾಗಾಕಾರ ಅರ್ಧ ಮಾಡಿ ಬಿಟ್ಟಿದ್ದಳು. ಮಕ್ಕಳು ತಲೆಯೆತ್ತಿ ನೋಡಿದರು. ಮುಂದಿನ ಬೆಂಚಿನ ಹುಡುಗಿ, "ಹುಷಾರಾಯ್ತಾ ಟೀಚರ್?" ಅಂತ ಕೇಳಿದಳು.

"ಆಯ್ತು," ಅಂದೆ. ಬಳಪ ಕೈಗೆತ್ತಿಕೊಂಡು ಉಳಿದ ಲೆಕ್ಕ ಮುಂದುವರಿಸಿದೆ.